ಬಸ್ಸು ಹತ್ತಿದ ಮೇಲೆ ‘ಇವತ್ತು ಬ್ಯಾಡ’

ಮದುವೆಗೆ ಬ್ಯಾಂಡಿನವರನ್ನು ಗೊತ್ತು ಮಾಡಿದ ದಿನವೇ ಇಸಾರ ಕೊಡುತ್ತೇವೆ. ಶಾಮಿಯಾನಾದವರು, ಅಡುಗೆಯವರು, ಫೋಟೊದವರು, ಕಲ್ಯಾಣ ಮಂಟಪದವರು, ಯಾರೂ ಮುಂಗಡ ಕೈಗೆ ಬೀಳದೆ ತಾರೀಖು ಬರೆದುಕೊಳ್ಳುವುದಿಲ್ಲ. ನಾವೂ ಅದಕ್ಕೆ ತಕರಾರು ತೆಗೆಯುವುದಿಲ್ಲ. ಆದರೆ ಅದೇ ಮದುವೆ ಮನೆಯ ಹೆಣ್ಣುಮಕ್ಕಳ ಹುಬ್ಬು ತಿದ್ದಲು, ಫೇಶಿಯಲ್ ಮಾಡಲು, ಕೈಗೆ ಮೆಹಂದಿ ಹಾಕಲು ಗದುಗಿನಿಂದ ಬಸ್ಸು ಹತ್ತಿ ಬರುವಾಕೆಗೆ ಸಿಗುವ ಮುಂಗಡವೆಂದರೆ ‘ಬಾರವಾ, ಮನ್ಯಾಗ ಇರ್ತೀವಿ’ ಅನ್ನುವ ಮಾತೊಂದೇ. ಆ ಮಾತು ನಂಬಿ ಬಂದರೆ ಎಷ್ಟೋ ಸಲ ಬಾಗಿಲಿಗೆ ಬೀಗ.

ಮನೆಮನೆಗೆ ಹೋಗಿ ಬ್ಯೂಟಿ ಪಾರ್ಲರ್ ಕೆಲಸ ಮಾಡುವ ಹೆಣ್ಣುಮಕ್ಕಳು ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಕಡೆ ಈಗ ಅಪರೂಪವಲ್ಲ. ಅಂಗಡಿ ಹಿಡಿಯಬೇಕೆಂದರೆ ಡಿಪಾಜಿಟ್ಟು, ಬಾಡಿಗೆ, ಕರೆಂಟ್ ಬಿಲ್ಲು. ಬ್ಯಾಗೊಂದಿದ್ದರೆ ಅದ್ಯಾವುದೂ ಬೇಡ. ಗಿರಾಕಿಗಳಿಗೂ ಇದೇ ಅನುಕೂಲ. ಅತ್ತೆ ಮಾವ ಇರುವ ಮನೆಯ ಸೊಸೆ ಬಜಾರದ ಪಾರ್ಲರಿನ ಮೆಟ್ಟಿಲು ಹತ್ತಲು ಹಿಂದೆಮುಂದೆ ನೋಡುತ್ತಾಳೆ. ಪಾರ್ಲರಿನಾಕೆಯೇ ಮನೆಗೆ ಬಂದರೆ ಅತ್ತೆಯೂ ‘ನಂದೂ ಒಂಚೂರು ಕೂದಲಕ್ಕ ಕಲರ್ ಹಚ್ಚಿ ಹೋಗವಾ’ ಅಂತಾಳೆ. ಹುಬ್ಬಿಗೆ ನೂಲು ಎಳೆಯುವುದು, ವ್ಯಾಕ್ಸ್ ಹಚ್ಚುವುದು, ಬ್ಲೀಚಿನ ಹದ, ಸೀರೆಯ ನೆರಿಗೆ ಇವನ್ನೆಲ್ಲ ಕಲಿಸುವ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳಿವೆ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಮಾದರಿಯ ಮೇಲೆ ಜಿಲ್ಲೆ ಜಿಲ್ಲೆಗೆ ಬಂದವು ಅವು. ಕೈಕೆಲಸ ಅಲ್ಲಿ ಕೈಗೆ ಹತ್ತುತ್ತದೆ. ಗಿರಾಕಿ ಮಾತು ತಪ್ಪಿದರೆ ಏನು ಮಾಡಬೇಕು ಅನ್ನುವುದನ್ನು ಮಾತ್ರ ಬಿಸಿಲಿನಲ್ಲಿ ಓಡಾಡಿಯೇ ಕಲಿಯಬೇಕು.

ಲಕ್ಷ್ಮೇಶ್ವರದ ಒಂದು ಬಾಗಿಲನ್ನು ಕಣ್ಣ ಮುಂದೆ ತಂದುಕೊಳ್ಳಿ. ಹನ್ನೊಂದು ಗಂಟೆ. ಬ್ಯಾಗಿನಲ್ಲಿ ವ್ಯಾಕ್ಸ್ ಹೀಟರ್, ಬಟ್ಟೆಯ ಪಟ್ಟಿಗಳು, ಎರಡು ಟವೆಲ್, ಸ್ಟೀಲಿನ ಬಟ್ಟಲು, ನೂಲಿನ ರೀಲು, ಹಿಂದಿನ ರಾತ್ರಿ ಕೂತು ತುಂಬಿದ ಮೆಹಂದಿ ಕೋನುಗಳು. ಚಿಲಕ ಬಡಿದರೆ ಉತ್ತರವಿಲ್ಲ. ಫೋನು ಹಚ್ಚಿದರೆ ರಿಂಗಾಗಿ ರಿಂಗಾಗಿ ನಿಲ್ಲುತ್ತದೆ, ಎರಡನೇ ಸಲಕ್ಕೆ ಸ್ವಿಚ್ ಆಫ್. ಪಕ್ಕದ ಮನೆಯ ಕಟ್ಟೆಯ ಮೇಲೆ ಅಕ್ಕಿ ಹಸನು ಮಾಡುತ್ತ ಕೂತ ಅಜ್ಜಿ ತಲೆ ಎತ್ತದೆ ಹೇಳುತ್ತಾಳೆ: ‘ಅವ್ರು ತವರಮನಿಗೆ ಹೋಗ್ಯಾರಲ್ಲಬೇ. ನಿನಗ ಹೇಳಿಲ್ಲೇನು?’

ಹೇಳಿಲ್ಲ. ಹೇಳುವಂಥ ದೊಡ್ಡ ವಿಷಯವೆಂದು ಅವರಿಗೆ ಅನಿಸಿಯೂ ಇಲ್ಲ. ಯಾಕೆಂದರೆ ಈ ಕೆಲಸ ನಮ್ಮ ಕಣ್ಣಿಗೆ ಇನ್ನೂ ವ್ಯವಹಾರವಾಗಿ ಕಾಣುತ್ತಿಲ್ಲ, ಅಕ್ಕತಂಗಿಯರ ನಡುವಿನ ಬಳಕೆಯಾಗಿ ಕಾಣುತ್ತಿದೆ. ಮೇಲಿಂದ ಇನ್ನೊಂದು ಮಾತೂ ಬಂದಿದೆ: ‘ನಿನಗೇನು, ಬಸ್ಸು ಫ್ರೀ ಐತಲ್ಲ!’ 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದ ಮೇಲೆ ಸಾರಿಗೆಯ ಸಾಮಾನ್ಯ ಬಸ್ಸುಗಳಲ್ಲಿ ಗುರುತಿನ ಚೀಟಿ ತೋರಿಸಿ ಶೂನ್ಯ ಟಿಕೇಟು ಪಡೆಯುವ ಹೆಣ್ಣುಮಗಳಿಗೆ ನಷ್ಟವೇನು ಅನ್ನುವುದು ಅವರ ವಾದ. ಈ ವೃತ್ತಿಯವರು ಹೆಚ್ಚು ದೂರ ಹೋಗಲು ಶಕ್ತಿ ಆಸರೆಯಾದದ್ದು ನಿಜ. ಆದರೆ ಬಸ್ಸಿನಲ್ಲಿ ಉಳಿಯುವುದು ಚಾರ್ಜು ಮಾತ್ರ, ಹೊತ್ತು ಉಳಿಯುವುದಿಲ್ಲ.

ಲೆಕ್ಕ ಹಾಕಿ ನೋಡಿ. ಗದುಗಿನಿಂದ ಲಕ್ಷ್ಮೇಶ್ವರಕ್ಕೆ ಸುಮಾರು 40 ಕಿಲೋಮೀಟರ್, ಮುಂಡರಗಿಗೂ ಹೆಚ್ಚುಕಡಿಮೆ ಅಷ್ಟೇ. ಊರೂರಿಗೆ ನಿಲ್ಲುವ ಬಸ್ಸಿಗೆ ಒಂದು ತಾಸು ಮಿಕ್ಕುತ್ತದೆ. ಬಸ್‌ಸ್ಟ್ಯಾಂಡಿನ ಕಾಯುವಿಕೆ, ಹೋಗುವುದು, ಬರುವುದು ಸೇರಿದರೆ ಮೂರೂವರೆ ತಾಸು ಹೋಯಿತು. 600 ರೂಪಾಯಿಯ ಕೆಲಸವೆಂದು ಇಟ್ಟುಕೊಂಡರೆ, ಹೋದದ್ದು ಆ 600 ಒಂದೇ ಅಲ್ಲ; ಅದೇ ಹೊತ್ತಿಗೆ ಬೆಟಗೇರಿಯಲ್ಲೇ ಸಿಗುತ್ತಿದ್ದ ಎರಡು ಮನೆಯ ಕೆಲಸವೂ ಹೋಯಿತು. ಸಾಮಾನಿನ ನಷ್ಟ ಬೇರೆ. ವ್ಯಾಕ್ಸನ್ನು ಮತ್ತೆ ಕಾಸಬಹುದು. ರಾಸಾಯನಿಕ ಬೆರೆಸದ ಮೆಹಂದಿ ಹೊರಗಿಟ್ಟರೆ ಎರಡು ಮೂರು ದಿನದಲ್ಲಿ ಬಣ್ಣ ಬಿಡುವ ಕಸುವು ಕಳೆದುಕೊಳ್ಳುತ್ತದೆ, ಫ್ರೀಜರಿನಲ್ಲಿಟ್ಟರೆ ಮಾತ್ರ ಬಾಳಿಕೆ. ಕೂದಲ ಬಣ್ಣವಂತೂ ಡೆವಲಪರ್ ಜೊತೆ ಕಲಸಿದ ಮೇಲೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ‘ಐದು ನಿಮಿಷ ತಡಿ, ಹಾಲು ಹಾಕಿಸಿ ಬರ್ತೀನಿ’ ಅಂತ ಹೋದಾಕೆ ಮುಕ್ಕಾಲು ತಾಸು ಬರದಿದ್ದರೆ ಬಟ್ಟಲನ್ನು ತೊಳೆದು ಹಾಕಬೇಕು. ಗಿರಾಕಿ ಕುರ್ಚಿಯ ಮೇಲೆ ಕೂತು, ಹೆಗಲ ಮೇಲೆ ಟವೆಲ್ ಬಿದ್ದ ಮೇಲೆಯೇ ಬಣ್ಣ ಕಲಸುವುದು ಅನುಭವಸ್ಥರ ಪದ್ಧತಿ.

ಹಾಗಂತ ಮಾತು ತಪ್ಪಿದವರೆಲ್ಲ ಬೇಜವಾಬ್ದಾರಿಯವರು ಅನ್ನುವ ತೀರ್ಪನ್ನು ನಾನು ಒಪ್ಪುವುದಿಲ್ಲ. ನಮ್ಮ ಕಡೆಯ ಮನೆಗಳಲ್ಲಿ ಹೆಣ್ಣುಮಗಳ ಹೊತ್ತು ಆಕೆಯ ಕೈಯಲ್ಲಿ ಇರುವುದು ಕಡಿಮೆ. ಗದಗ-ಬೆಟಗೇರಿಯಲ್ಲಿ ನಳದ ನೀರಿಗೆ ವಾರ, ಹತ್ತು ದಿನ ಕಾಯುವ ಓಣಿಗಳಿವೆ. ಅಂಥಲ್ಲಿ ‘ನೀರು ಬಿಟ್ಟಾರ’ ಅನ್ನುವ ಕೂಗು ಎದ್ದರೆ ಫೇಶಿಯಲ್ಲೂ ಇಲ್ಲ, ಮೆಹಂದಿಯೂ ಇಲ್ಲ. ಕೊಡ, ಬ್ಯಾರಲ್ಲು, ಪೈಪು. ಹೇಳದೆ ಕೇಳದೆ ಬೀಗರು ಬಂದು ಇಳಿದರೆ ರೊಟ್ಟಿ ಬಡಿಯಲು ಕೂರಬೇಕು. ಸೊಸೆ ತಾರೀಖು ಕೊಟ್ಟಿರುತ್ತಾಳೆ, ಮುಂಜಾನೆ ಅತ್ತೆ ಕ್ಯಾಲೆಂಡರ್ ನೋಡಿ ‘ಇವತ್ತ ಅಮಾಸಿ ಐತಿ, ಕತ್ತರಿ ಮುಟ್ಟಿಸಬ್ಯಾಡ’ ಅಂದುಬಿಡುತ್ತಾಳೆ. ಮನೆಗೊಂದೇ ಫೋನಿದ್ದು ಅದು ಗಂಡನ ಜೇಬಿನಲ್ಲಿದ್ದರೆ ‘ಬರಬ್ಯಾಡ’ ಅಂತ ತಿಳಿಸುವುದಾದರೂ ಹೇಗೆ? ಇನ್ನು ದುಡ್ಡಿನ ಕಾರಣ. ಬೆಟಗೇರಿಯ ನೇಕಾರ ಓಣಿಯಲ್ಲಿ ಬಟವಡೆ ಆಗದ ವಾರ ಹುಬ್ಬು ತಿದ್ದಿಸಿಕೊಳ್ಳುವ ಮನಸ್ಸು ಯಾರಿಗೆ ಬರುತ್ತದೆ? ಗೃಹಲಕ್ಷ್ಮಿಯ 2,000 ರೂಪಾಯಿ ಜಮಾ ಆಗಲಿ ಅಂತ ಕಾಯುವವರೂ ಇದ್ದಾರೆ. ‘ಕೈಯಾಗ ರೊಕ್ಕ ಇಲ್ಲ’ ಅನ್ನುವುದಕ್ಕಿಂತ ಬಾಗಿಲು ಹಾಕಿಕೊಳ್ಳುವುದು ಸುಲಭ, ಮಾನ ಉಳಿಯುತ್ತದೆ.

ಇದನ್ನು ತಿಳಿದುಕೊಂಡರೆ ಅರ್ಧ ನಷ್ಟವನ್ನು ಸಿಟ್ಟಿಲ್ಲದೆ ತಪ್ಪಿಸಬಹುದು. ತಾರೀಖು ಕೊಡುವ ಮೊದಲು ಅಮಾವಾಸ್ಯೆ, ಹುಣ್ಣಿಮೆ, ಆ ಮನೆಯವರು ಕೂದಲು ಕತ್ತರಿಸದ ವಾರ ಯಾವುದು ಅಂತ ಕೇಳಿಬಿಡುವುದು. ನೀರು ಬರುವ ದಿನ ಕೇಳುವುದು. ಸಂತೆಯ ದಿನ ಬಿಡುವುದು. ಪಂಚಮಿ ಹಬ್ಬಕ್ಕೆ ಹೆಣ್ಣುಮಕ್ಕಳು ತವರಿಗೆ ಹೋಗುತ್ತಾರೆಂಬುದು ಉತ್ತರ ಕರ್ನಾಟಕದಲ್ಲಿ ಹುಟ್ಟಿದ ಯಾರಿಗೆ ಗೊತ್ತಿಲ್ಲ? ಆ ವಾರ ಸೊಸೆಯರ ಮನೆಯಲ್ಲಿ ಕೆಲಸ ಹಿಡಿಯದೆ ಮಗಳು ಬಂದಿರುವ ಮನೆ ಹುಡುಕಬೇಕು.

ಉಳಿದರ್ಧಕ್ಕೆ ಮುಂಗಡವೇ ದಾರಿ. ಇದು ಬೆಂಗಳೂರಿನ ಆ್ಯಪ್ ಕಂಪನಿಗಳು ಕಲಿಸಿದ ಸಂಪ್ರದಾಯ ಅನ್ನುವವರು ನಮ್ಮ ನಾಟಕದವರನ್ನು ಕೇಳಬೇಕು. ಗದಗ ನಾಟಕದ ಊರು. ಪಂಚಾಕ್ಷರ ಗವಾಯಿಗಳು ಕಟ್ಟಿ ಪುಟ್ಟರಾಜ ಗವಾಯಿಗಳು ಬೆಳೆಸಿದ ನಾಟ್ಯಸಂಘ ಇಲ್ಲಿಯ ವೀರೇಶ್ವರ ಪುಣ್ಯಾಶ್ರಮದ್ದು. ಇಂದಿಗೂ ಜಾತ್ರೆಗೆ ನಾಟಕ ಆಡುವ ಹಳ್ಳಿಯ ಹುಡುಗರು ಸ್ತ್ರೀಪಾತ್ರಕ್ಕೆ ವೃತ್ತಿ ಕಲಾವಿದೆಯನ್ನು ಗೊತ್ತು ಮಾಡಿದಾಗ, ಸೀನರಿಯವರಿಗೆ ಹೇಳಿದಾಗ, ಮುಂಗಡ ಕೊಟ್ಟೇ ಬರುತ್ತಾರೆ. ಆ ರಾತ್ರಿ ಆಕೆ ಬೇರೆ ಊರಿಗೆ ಹೋಗುವಂತಿಲ್ಲವಲ್ಲ, ಅದರ ಬೆಲೆ ಅದು. ಅಭಿನಯದ ಸಂಭಾವನೆ ಆಮೇಲಿನ ಮಾತು. ಮೆಹಂದಿ ಹಾಕುವಾಕೆ ಮಾರುವುದೂ ಮೊದಲು ತನ್ನ ಮುಂಜಾನೆಯನ್ನು, ಆಮೇಲೆ ಮೆಹಂದಿಯನ್ನು.

ಎಷ್ಟು ಮುಂಗಡ? ಇಲ್ಲಿ ಕಾನೂನು ಒಳ್ಳೆಯ ದಾರಿ ತೋರಿಸುತ್ತದೆ. 1872ರ ಭಾರತೀಯ ಕರಾರು ಕಾಯ್ದೆಯ ಪ್ರಕಾರ ಬಾಯಿಮಾತಿನ ಒಪ್ಪಂದಕ್ಕೂ ಬೆಲೆಯಿದೆ. ವಾಟ್ಸ್ಆ್ಯಪ್‌ನಲ್ಲಿ ದಿನ, ಹೊತ್ತು, ದರ ಬರೆದು ಆ ಕಡೆಯಿಂದ ‘ಹೂಂ’ ಬಂದಿದ್ದರೆ ಸಾಕ್ಷಿಯೂ ಆಯಿತು. ಅದೇ ಕಾಯ್ದೆಯ 74ನೇ ಕಲಮಿನ ಪ್ರಕಾರ ಒಪ್ಪಂದದಲ್ಲಿ ದಂಡವೆಂದು ಎಷ್ಟೇ ಬರೆದಿದ್ದರೂ ಕೈಗೆ ಸಿಗುವುದು ಆ ಮಿತಿಯೊಳಗಿನ ನ್ಯಾಯವಾದ ಪರಿಹಾರ ಮಾತ್ರ. 1963ರಲ್ಲಿ ಸುಪ್ರೀಂ ಕೋರ್ಟ್ ಫತೇಚಂದ್–ಬಾಲಕಿಶನ್ ದಾಸ್ ಪ್ರಕರಣದಲ್ಲಿ ಇದನ್ನು ಬಿಡಿಸಿ ಹೇಳಿತು. ದೆಹಲಿಯ ಒಂದು ಮನೆಯ ಮಾರಾಟ ಮುರಿದುಬಿದ್ದಿತ್ತು. ಕೊಳ್ಳುವವನು ಮೊದಲು 1,000 ರೂಪಾಯಿ ಇಸಾರ, ಆಮೇಲೆ 24,000 ರೂಪಾಯಿ ಕೊಟ್ಟಿದ್ದ. ಇಸಾರದ ಸಾವಿರವನ್ನು ಮಾರುವವನು ಇಟ್ಟುಕೊಳ್ಳಲಿ, ನಷ್ಟವಾದದ್ದನ್ನು ತೋರಿಸದೆ ಉಳಿದ 24,000ವನ್ನು ದಂಡವೆಂದು ಮುರಿದುಕೊಳ್ಳುವಂತಿಲ್ಲ ಅಂದಿತು ಕೋರ್ಟು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯೂ ಮಿತಿಮೀರಿದ ಠೇವಣಿ ಕೇಳುವುದನ್ನು ಅನ್ಯಾಯದ ಕರಾರಿನ ಸಾಲಿಗೆ ಸೇರಿಸಿದೆ.

ಮನೆ ಮಾರಾಟದ ನ್ಯಾಯ ಹುಬ್ಬಿನ ನೂಲಿಗೆ ಹೊಂದುತ್ತದೆಯೇ ಅಂತ ನಗಬೇಡಿ, ಹೊಂದುತ್ತದೆ. ಸಣ್ಣ ಮೊತ್ತವನ್ನು ಮುಂಗಡವೆಂದು ಮೊದಲೇ ಹೇಳಿ ತೆಗೆದುಕೊಂಡರೆ ಅದನ್ನು ಇಟ್ಟುಕೊಳ್ಳಲು ದಾಕ್ಷಿಣ್ಯ ಬೇಡ. ಪೂರ್ತಿ ದರವನ್ನೇ ವಸೂಲಿ ಮಾಡುತ್ತೇನೆಂದು ಹಟ ಹಿಡಿದರೆ ಕಾನೂನೂ ಜೊತೆಗಿರುವುದಿಲ್ಲ, ಊರೂ ಇರುವುದಿಲ್ಲ. ನನ್ನ ಅಂದಾಜು ಕೇಳಿದರೆ, ಊರೊಳಗಿನ ಸಣ್ಣ ಕೆಲಸಕ್ಕೆ ಮುಂಗಡ ಬೇಡ. ಬೇರೆ ಊರಿನ ಮನೆಗೆ 100 ರೂಪಾಯಿ ಸಾಕು. ಮದುಮಗಳ ಮೇಕಪ್ಪಿಗೆ ಮಾತ್ರ ಒಟ್ಟು ದರದ ಕಾಲು ಭಾಗ. ನೂರು ರೂಪಾಯಿಯಿಂದ ನಷ್ಟ ತುಂಬುವುದಿಲ್ಲ, ಬಿಡಿ. ಆದರೆ ನೂರು ರೂಪಾಯಿ ಕಳಿಸಿದಾಕೆ ಮರೆಯುವುದಿಲ್ಲ. ತವರಿಗೆ ಹೊರಟರೂ ಒಂದು ಫೋನು ಮಾಡಿಯೇ ಹೋಗುತ್ತಾಳೆ.

ರದ್ದು ಮಾಡಲು ಗಡುವು ಯಾವುದು ಅನ್ನುವುದೂ ಮುಖ್ಯ. ‘24 ತಾಸು ಮೊದಲು ತಿಳಿಸಿ’ ಅನ್ನುವ ದೊಡ್ಡ ಊರಿನ ನಿಯಮ ನಮ್ಮಲ್ಲಿ ನಡೆಯದು. ನಾಳೆ ನೀರು ಬರುತ್ತದೋ ಇಲ್ಲವೋ ಅಂತ ಇವತ್ತು ಯಾರಿಗೂ ಗೊತ್ತಿರುವುದಿಲ್ಲ. ಎಲ್ಲರಿಗೂ ತಿಳಿಯುವ ಗಡುವೆಂದರೆ ಬಸ್ಸು. ಹಿಂದಿನ ಸಂಜೆ ಇಂಥದೊಂದು ವಾಯ್ಸ್ ಮೆಸೇಜ್ ಹೋದರೆ ಸಾಕು: ‘ಅಕ್ಕಾರ, ನಾಳೆ ಹನ್ನೊಂದಕ್ಕ ನಿಮ್ಮನಿಗೆ ಬರ್ತೀನ್ರಿ. ನಾ ಬಸ್ ಹತ್ತೋದು ಒಂಬತ್ತಕ್ಕ. ಹತ್ತೂಕಿಂತ ಮೊದಲ ಬ್ಯಾಡ ಅಂದ್ರ ನಿಮ್ಮ ನೂರು ರೂಪಾಯಿ ವಾಪಸ್. ಹತ್ತಿದ ಮ್ಯಾಲೆ ಅಂದ್ರ ಅದು ನಂದ ನೋಡ್ರಿ.’ ಬಸ್ಸು ಮುಳಗುಂದ ದಾಟಿದ ಮೇಲೆ ‘ಇವತ್ತು ಬ್ಯಾಡ’ ಅಂದರೆ ತಪ್ಪು ಯಾರದೆಂದು ವಾದಿಸುವ ಅಗತ್ಯವೇ ಇಲ್ಲ. ಓದು ಬಾರದವರಿಗೂ ಧ್ವನಿ ತಲುಪುತ್ತದೆ, ಮನೆಯ ಉಳಿದವರ ಕಿವಿಗೂ ಬೀಳುತ್ತದೆ. ಅತ್ತೆಯ ಅಮಾವಾಸ್ಯೆಯ ತಕರಾರು ಏನಿದ್ದರೂ ರಾತ್ರಿಯೇ ಹೊರಬರುತ್ತದೆ.

ನೆನಪಿಸುವುದಕ್ಕೆ ಎಷ್ಟು ಬೆಲೆಯಿದೆ ಎಂಬುದನ್ನು ವೈದ್ಯಕೀಯ ಲೋಕ ಅಳೆದು ನೋಡಿದೆ. ಆಸ್ಪತ್ರೆಗೆ ಬರುತ್ತೇನೆಂದು ಹೇಳಿ ಬಾರದ ರೋಗಿಗಳ ಸಮಸ್ಯೆ ಜಗತ್ತಿನ ತುಂಬ ಇದೆ. ಈ ಬಗೆಗಿನ ಅಧ್ಯಯನಗಳನ್ನೆಲ್ಲ ಕಲೆಹಾಕಿ 2013ರಲ್ಲಿ ಕಾಕ್ರೇನ್ ಸಂಸ್ಥೆ ಪ್ರಕಟಿಸಿದ ಪರಿಶೀಲನೆ ಹೇಳುವುದು ಇಷ್ಟು: ಮೊಬೈಲಿನಲ್ಲಿ ನೆನಪಿನ ಸಂದೇಶ ಹೋದರೆ, ಏನೂ ಹೋಗದಿದ್ದಾಗ ಬರುವವರಿಗಿಂತ ಹೆಚ್ಚು ಜನ ಬರುತ್ತಾರೆ, ಫೋನು ಮಾಡಿ ನೆನಪಿಸಿದಷ್ಟೇ ಫಲ, ಖರ್ಚು ಕಡಿಮೆ. ಕೂದಲ ಬಣ್ಣದವರಿಗೆ ಇನ್ನೊಂದು ಸಹಜ ನೆನಪು ಇದೆ. ಬಣ್ಣ ಹಚ್ಚುವ 48 ತಾಸು ಮೊದಲು ಕಿವಿಯ ಹಿಂದೆಯೋ ಮೊಣಕೈಯ ಒಳಗೋ ಒಂದಿಷ್ಟು ಹಚ್ಚಿ ಚರ್ಮಕ್ಕೆ ಒಗ್ಗುತ್ತದೆಯೇ ಅಂತ ನೋಡಬೇಕೆಂದು ಡಬ್ಬಿಯ ಮೇಲೇ ಬರೆದಿರುತ್ತದೆ. ಬಹಳ ಮಂದಿ ಅದನ್ನು ಮಾಡುವುದಿಲ್ಲ. ಮಾಡಿಸಿದರೆ ತುರಿಕೆ, ಬಾವು ತಪ್ಪುತ್ತದೆ, ‘ಏನಾತ್ರಿ, ಕೆಂಪಗಾಗಿಲ್ಲಲ್ಲ?’ ಅಂತ ಮರುದಿನ ಕೇಳುವ ನೆಪದಲ್ಲಿ ತಾರೀಖೂ ಗಟ್ಟಿಯಾಗುತ್ತದೆ.

ದಂಡ, ಗಡುವು ಅಂದರೆ ನಮ್ಮ ಹೆಣ್ಣುಮಕ್ಕಳು ಬೇಸರ ಮಾಡಿಕೊಳ್ಳುತ್ತಾರೆ ಅನ್ನುವುದು ಪೊಳ್ಳು ಭಯ. ಅವರೇ ವಾರವಾರ ಸ್ವಸಹಾಯ ಸಂಘದ ಸಭೆಗೆ ಹೋಗುತ್ತಾರೆ. ತಡವಾಗಿ ಬಂದರೆ, ಬಾರದಿದ್ದರೆ ದಂಡ ಕಟ್ಟುವ ನಿಯಮ ಎಷ್ಟೋ ಸಂಘಗಳಲ್ಲಿದೆ. ಐದೋ ಹತ್ತೋ ರೂಪಾಯಿ, ಮುಖ ಗಂಟಿಕ್ಕದೆ ಕಟ್ಟುತ್ತಾರೆ. ನಿಯಮ ಎಲ್ಲರಿಗೂ ಒಂದೇ ಆಗಿದ್ದರೆ, ಮೊದಲೇ ಗೊತ್ತಿದ್ದರೆ ಜಗಳವಿಲ್ಲ. ಸಂಘದ ಸಭೆಯನ್ನು ಇನ್ನೊಂದು ರೀತಿಯಲ್ಲೂ ಬಳಸಿಕೊಳ್ಳಬಹುದು. ಸಭೆ ಮುಗಿಯುವ ಹೊತ್ತಿಗೆ ಅದೇ ಓಣಿಗೆ ಹೋದರೆ ಹತ್ತಾರು ಹೆಣ್ಣುಮಕ್ಕಳು ಒಂದೇ ಪಡಸಾಲೆಯಲ್ಲಿ ಸಿಗುತ್ತಾರೆ. ಒಬ್ಬಾಕೆ ತಪ್ಪಿಸಿಕೊಂಡರೆ ಆಕೆಯ ಜಾಗಕ್ಕೆ ಇನ್ನೊಬ್ಬಾಕೆ ಕೂರುತ್ತಾಳೆ.

ದಂಡಕ್ಕಿಂತ ಹೆಚ್ಚು ನಷ್ಟ ತಪ್ಪಿಸುವುದು ಇದೇ: ಒಂದು ಮನೆಗಾಗಿ ಬೇರೆ ಊರಿನ ಬಸ್ಸು ಹತ್ತದಿರುವುದು. ಒಂದೇ ಓಣಿಯಲ್ಲಿ ಕನಿಷ್ಠ ಮೂರು ಮನೆ ಆದ ಮೇಲೆ ಹೊರಡುವುದು. ಮೊದಲು ಕರೆದಾಕೆಗೇ ‘ಇನ್ನಿಬ್ಬರನ್ನ ಕೂಡಿಸ್ರಿ, ನಿಮ್ಮ ಥ್ರೆಡಿಂಗ್ ಪುಕ್ಕಟೆ’ ಅಂದರೆ ಓಣಿಯ ಹೊಣೆ ಆಕೆಯದಾಗುತ್ತದೆ. ಬಾಗಿಲು ಹಾಕಿಕೊಂಡವಳನ್ನು ಎಬ್ಬಿಸುವ ಕೆಲಸವೂ ಆಕೆಯದೇ. ಊರು ಜೋಡಿಸುವಾಗ ನಕಾಶೆ ನೋಡಬೇಕು. ಶಿರಹಟ್ಟಿ, ಲಕ್ಷ್ಮೇಶ್ವರ ಒಂದಕ್ಕೊಂದು ಹತ್ತಿರ. ಒಂದರಲ್ಲಿ ಕೈತಪ್ಪಿದರೆ ಇನ್ನೊಂದರಲ್ಲಿ ದಿನ ಉಳಿಯುತ್ತದೆ. ಮುಂಡರಗಿ ಹಾಗಲ್ಲ. ನಡುವೆ ಕಪ್ಪತಗುಡ್ಡ ಅಡ್ಡ ಮಲಗಿದೆ. ಡಂಬಳದ ದಾರಿಯಲ್ಲಿ ಹೋಗಿ ಅದೇ ದಾರಿಯಲ್ಲಿ ಬರಬೇಕು. ಹೀಗಾಗಿ ಮುಂಡರಗಿಗೆ ತಿಂಗಳಲ್ಲಿ ಗೊತ್ತಾದ ದಿನ ಇಟ್ಟುಕೊಂಡು, ಡಂಬಳದಲ್ಲೊಂದು ಮನೆಯನ್ನು ಕೈಯಲ್ಲಿಟ್ಟುಕೊಂಡು ಹೋಗುವುದು ಜಾಣತನ.

ಮದುಮಗಳ ಕೆಲಸದಲ್ಲಿ ಬಾಗಿಲು ಹಾಕಿಕೊಳ್ಳುವವರಿಲ್ಲ, ಅಲ್ಲಿಯ ತೊಡಕು ಕಾಯಿಸುವುದು. ನಸುಕಿನ ನಾಲ್ಕಕ್ಕೆ ಬಾ ಅಂತಾರೆ. ಸುರಗಿ ನೀರು ಹಾಕಬೇಕಾದ ಸೋದರಮಾವ ಬಂದಿರುವುದಿಲ್ಲ. ತಲೆಗೆ ನೀರು ಬೀಳದೆ ಫೌಂಡೇಶನ್ ಹಚ್ಚುವಂತಿಲ್ಲ. ಆರಕ್ಕೆ ಸುರಗಿ ಮುಗಿದು, ಒದ್ದೆ ಕೂದಲು ಒಣಗುವ ಮೊದಲೇ ‘ಮುಹೂರ್ತ ಬಂತು, ಲಗೂ ಮುಗಸು’ ಅನ್ನುವ ಗದ್ದಲ. ಅಷ್ಟರೊಳಗೆ ಎರಡನೇ ಮದುವೆಮನೆಯವರ ಫೋನು. ಗಡಿಯಾರದ ಹೊತ್ತು ಹಿಡಿಯದೆ ‘ಸುರಗಿ ಮುಗಿದ ಮೇಲೆ ಒಂದೂವರೆ ತಾಸು ನನಗೆ ಬೇಕು’ ಎಂದು ಹಿರಿಯರ ಎದುರಿಗೇ ಮಾತಾಡಿಕೊಳ್ಳುವುದು, ಕಾಯುವ ತಾಸಿಗೂ ದರ ಹೇಳಿಬಿಡುವುದು ಇದಕ್ಕೆ ಮದ್ದು.

ಕೆಲವೊಮ್ಮೆ ಮುಂಗಡ ಇಟ್ಟುಕೊಳ್ಳಬಾರದು. ಸೂತಕ ಬಂದರೆ, ಆಸ್ಪತ್ರೆಗೆ ಓಡಿದರೆ, ಕೇಳುವ ಮೊದಲೇ ವಾಪಸ್ ಕಳಿಸಬೇಕು. ಹಳೆಯ ಗಿರಾಕಿ ಮೊದಲ ಸಲ ತಪ್ಪಿದರೆ ಮುಂದಿನ ಸಲಕ್ಕೆ ಜಮಾ ಹಿಡಿಯಬಹುದು. ಎರಡನೇ ಸಲ ಬೇಡ. ವಾಟ್ಸ್ಆ್ಯಪ್ ಸ್ಟೇಟಸ್ಸಿನಲ್ಲಿ ಹೆಸರು ಹಾಕಿ ಹೀಯಾಳಿಸುವ ಚಟ ಅಲ್ಲಲ್ಲಿ ಕಾಣುತ್ತದೆ. ಸಣ್ಣ ಊರಿನಲ್ಲಿ ಇವತ್ತು ಮಾತು ತಪ್ಪಿದಾಕೆಯ ನಾದಿನಿಯೇ ನಾಳಿನ ಮದುಮಗಳು. ‘ಆಕಿ ಮುಂಗಡ ಕೇಳ್ತಾಳ, ಈಕಿ ಕೇಳೂದಿಲ್ಲ’ ಅನ್ನುವ ಪೈಪೋಟಿಗೆ ಒಬ್ಬೊಬ್ಬರೇ ಉತ್ತರ ಕೊಡಲಾರರು. ಒಂದೂರಿನ ನಾಲ್ಕಾರು ಜನ ಕೂತು ಒಂದೇ ನಿಯಮ ಮಾಡಿಕೊಳ್ಳಬೇಕು. 1905ರಷ್ಟು ಹಿಂದೆಯೇ ಸಹಕಾರಿ ಸಂಘ ಕಟ್ಟಿ ನಡೆಸಿದ ಕಣಗಿನಹಾಳ ಇರುವ ತಾಲ್ಲೂಕಿಗೆ ಇದನ್ನು ಹೊರಗಿನವರು ಬಂದು ಕಲಿಸಬೇಕಿಲ್ಲ.

ಮುಂಗಡ ಫೋನಿನಲ್ಲಿ ಬರುವ ಕಾಲ ಇದು, ಹಾಗಾಗಿ ಮೋಸವೂ ಅದೇ ದಾರಿಯಲ್ಲಿ ಬರುತ್ತದೆ. ಗುರುತಿಲ್ಲದವರು ದೊಡ್ಡ ಆರ್ಡರ್ ಹೇಳಿ ‘ಮುಂಗಡ ಕಳಿಸ್ತೀವಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕ್ರಿ’ ಅಂದರೆ ಫೋನು ಇಟ್ಟುಬಿಡಿ. ರೊಕ್ಕ ಪಡೆಯಲು ಪಿನ್ ಬೇಕಿಲ್ಲ, ಕಳಿಸಲು ಮಾತ್ರ ಬೇಕು. ಹೊಸ ಮನೆಗೆ ಹೋಗುವ ಮೊದಲು ಪರಿಚಯದ ಯಾರ ಹೆಸರು ಹೇಳಿ ಕರೆದರು ಅಂತ ಕೇಳಬೇಕು. ಹೋದಲ್ಲಿ ಹೆಂಗಸರಿಲ್ಲದೆ ಗಂಡಸರೇ ಬಾಗಿಲು ತೆರೆದರೆ ಹೊಸ್ತಿಲು ದಾಟದೆ ತಿರುಗಿ ಬರಬೇಕು. ಅಂಥಲ್ಲಿ ಮುಂಗಡದ ನೂರು ರೂಪಾಯಿ ಆಕೆಯದೇ.

ಇಷ್ಟೆಲ್ಲ ಗಿರಾಕಿಗೆ ಹೇಳಿದ ಮೇಲೆ ಪಾರ್ಲರಿನಾಕೆಯೂ ಒಮ್ಮೊಮ್ಮೆ ಹೋಗದೆ ಇರುತ್ತಾಳೆ ಅನ್ನುವುದನ್ನು ಬಿಡುವಂತಿಲ್ಲ. ಮಗುವಿಗೆ ಜ್ವರ, ಬಸ್ ಬಂದ್, ಇನ್ನೊಂದು ಮನೆಯಲ್ಲಿ ಹೆಚ್ಚಿನ ದರ. ಮೊದಲಿನ ಎರಡಕ್ಕೆ ಮುಂಗಡ ಅವತ್ತೇ ವಾಪಸ್ ಹೋಗಬೇಕು. ಮೂರನೆಯದಕ್ಕೆ ಮುಂಗಡದ ಜೊತೆಗೆ ಅಷ್ಟೇ ದುಡ್ಡು ತನ್ನ ಕೈಯಿಂದಲೂ ಕೊಡುವುದು ನ್ಯಾಯ. ಮದುಮಗಳ ಕೆಲಸವಾದರೆ ದುಡ್ಡು ಮರಳಿಸಿ ಕೈತೊಳೆದುಕೊಂಡರೆ ಆಗುವುದಿಲ್ಲ, ಬದಲಿಗೆ ಇನ್ನೊಬ್ಬಾಕೆಯನ್ನು ಕಳಿಸಬೇಕು. ಹಾಗೆ ಬರುವಾಕೆಯ ಫೋನ್ ನಂಬರು, ಆಕೆಯ ದರ ಎರಡನ್ನೂ ಮುಂಗಡ ಪಡೆಯುವ ದಿನವೇ ಹೇಳಿರಬೇಕು. ಸುರಗಿಯ ನಸುಕಿನಲ್ಲಿ ಚೌಕಾಸಿ ಮಾಡುತ್ತ ಕೂರಲು ಯಾರಿಗೂ ಪುರುಸೊತ್ತಿರುವುದಿಲ್ಲ.